‘ನಮಗೇಕೆ ರಾಜಕೀಯ’ ಎಂಬ ರಾಜಕೀಯ

 

ಕಳೆದ ಯುಗಾದಿಯ ಸಮಾರಂಭದಂದು ಸಭಾಂಗಣದ ಹಿಂಬದಿಯಲ್ಲಿ ಎಂದಿನಂತೆ ನಮ್ಮ ಆರೋಗ್ಯ ತಪಾಸಣೆಯ ಮೇಜು ಹಾಕಲಾಗಿತ್ತು. ರಕ್ತದೊತ್ತಡ ಅಳೆಯುವುದು, ಬೆರಳು ಚುಚ್ಚಿ ಸಕ್ಕರೆ ನೋಡುವುದು, ಹೋಳಿಗೆ ಎರಡಕ್ಕೆ ಸಾಕೆಂದು ಹೇಳುವುದು, ಹೇಳಿದ ಮಾತನ್ನು ಯಾರೂ ಕೇಳದಿರುವುದು, ಎಲ್ಲವೂ ವಾಡಿಕೆಯಂತೆಯೇ ನಡೆದಿತ್ತು. ಅಷ್ಟರಲ್ಲಿ ಮೂವತ್ತೆರಡರ ಹರೆಯದ ಯುವಕರೊಬ್ಬರು ಬಂದು ಕುಳಿತರು. “ಡಾಕ್ಟರೇ, ಹೃದಯದ ತಪಾಸಣೆಗೆ ಬನ್ನಿ ಎಂದು ನನ್ನ ಜಿ.ಪಿ. ಪತ್ರ ಕಳಿಸಿದ್ದಾರೆ. ನನ್ನ ಆಫೀಸಿನ ಪಾಕೆಹಾ ಗೆಳೆಯ ನನಗಿಂತ ಹತ್ತು ವರ್ಷ ದೊಡ್ಡವನು. ಅವನಿಗೆ ಇನ್ನೂ ಕರೆ ಬಂದಿಲ್ಲ. ನನಗೇಕೆ ಇಷ್ಟು ಬೇಗ?” ಎಂದು ಕೇಳಿದರು.

ನಾನು ವಿವರಿಸಿದೆ. ನ್ಯೂಜಿಲೆಂಡಿನ ಆರೋಗ್ಯ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗದರ್ಶನದ ಪ್ರಕಾರ, ಬೇರೆ ಯಾವ ಅಪಾಯದ ಸೂಚನೆಯೂ ಇಲ್ಲದ ಗಂಡಸರಿಗೆ ಹೃದಯ ಮತ್ತು ರಕ್ತನಾಳಗಳ ರೋಗದ ಅಂದಾಜನ್ನು 45ನೆಯ ವಯಸ್ಸಿನಿಂದ, ಹೆಂಗಸರಿಗೆ 55ರಿಂದ ಆರಂಭಿಸಬೇಕು. ಆದರೆ ಮಾವೋರಿಗಳಿಗೆ, ಪೆಸಿಫಿಕ್ ದ್ವೀಪಗಳ ಜನರಿಗೆ ಮತ್ತು ದಕ್ಷಿಣ ಏಷ್ಯಾದವರಿಗೆ, ಎಂದರೆ ನಮಗೆ, ಗಂಡಸರಿಗೆ 30ರಿಂದ ಮತ್ತು ಹೆಂಗಸರಿಗೆ 40ರಿಂದಲೇ ಆರಂಭಿಸಬೇಕು. ನಮ್ಮವರಲ್ಲಿ ಹೃದಯಾಘಾತ ಬೇಗ ಬರುತ್ತದೆ. ಆದ್ದರಿಂದ ಹದಿನೈದು ವರ್ಷ ಮೊದಲೇ ನೋಡುತ್ತಾರೆ. ಅಪಾಯವನ್ನು ಲೆಕ್ಕ ಹಾಕುವ ಸೂತ್ರದೊಳಗೇ ‘ಭಾರತೀಯ’ ಎಂಬುದೊಂದು ಅಂಶವಾಗಿ ಸೇರಿದೆ. ಯುವಕರು ಸಂತೋಷಪಟ್ಟು, “ಈ ದೇಶದ ವ್ಯವಸ್ಥೆ ಎಷ್ಟು ಚೆನ್ನಾಗಿದೆ ನೋಡಿ” ಎಂದು ಎದ್ದು ಹೋದರು.

ಅರ್ಧ ಗಂಟೆಯ ಬಳಿಕ ಊಟದ ಪಂಕ್ತಿಯಲ್ಲಿ ಅದೇ ಯುವಕರ ದನಿ ಕೇಳಿಸಿತು. “ಇಲ್ಲಿ ಮಾವೋರಿಗಳಿಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ. ಆಸ್ಪತ್ರೆಯಲ್ಲಿ ಜನಾಂಗವನ್ನು ಯಾಕೆ ನೋಡಬೇಕು? ಎಲ್ಲರನ್ನೂ ಒಂದೇ ರೀತಿ ನೋಡಿದರೆ ಸಾಕಲ್ಲವೇ?” ಸುತ್ತಲಿದ್ದ ಹತ್ತು ತಲೆಗಳು ಹೌದೆಂದು ತೂಗಿದವು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿರಿಯರೊಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು, “ಡಾಕ್ಟರೇ, ಹಬ್ಬದ ದಿನ ರಾಜಕೀಯ ಬೇಡ. ನಮಗೇಕೆ ಅದೆಲ್ಲ?” ಎಂದರು. ಹಿರಿಯರ ಮಾತು, ನಾನು ಸುಮ್ಮನೆ ಹೋಳಿಗೆ ತಿಂದೆ.

ಅಂದು ನುಂಗಿಕೊಂಡ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಯುವಕರ ಮೇಲೆ ನನಗೆ ಸಿಟ್ಟಿಲ್ಲ; ಅವರು ಸಜ್ಜನರು. ನನ್ನ ಜಗಳವಿರುವುದು ನಮ್ಮೆಲ್ಲರ ಮನೆಗಳಲ್ಲಿ ಬೇರೂರಿರುವ ಎರಡು ನಂಬಿಕೆಗಳೊಡನೆ. ಮೊದಲನೆಯದು: ನಾವು ವೈದ್ಯರು, ಇಂಜಿನಿಯರುಗಳು, ಲೆಕ್ಕಿಗರು, ಸಮಾಜದ ಬಗೆಗಿನ ಸಿದ್ಧಾಂತ ಗೀದ್ಧಾಂತ ಕೆಲಸವಿಲ್ಲದ ಪಂಡಿತರಿಗೆ. ಎರಡನೆಯದು: ಸಿದ್ಧಾಂತವಿಲ್ಲದೆ ಬರಿಯ ಸಾಮಾನ್ಯ ಜ್ಞಾನದಿಂದಲೇ ರಾಜಕೀಯವನ್ನು ತೂಗಿ ನೋಡಬಹುದು. ಇವೆರಡೂ ಸುಳ್ಳೆಂಬುದು ನನ್ನ ವಾದ. ಸುಳ್ಳಷ್ಟೇ ಅಲ್ಲ, ನಮಗೇ ಅಪಾಯಕಾರಿ.

ವೈದ್ಯಕೀಯದಿಂದಲೇ ಆರಂಭಿಸುತ್ತೇನೆ. ರೋಗನಿದಾನವಿಲ್ಲದೆ ಚಿಕಿತ್ಸೆಯಿಲ್ಲ. “ನಾನು ನಿದಾನ ಗಿದಾನ ಮಾಡುವುದಿಲ್ಲ, ನೇರವಾಗಿ ಔಷಧ ಕೊಡುತ್ತೇನೆ” ಎನ್ನುವ ವೈದ್ಯನೂ ಮನಸ್ಸಿನಲ್ಲಿ ಒಂದು ನಿದಾನವನ್ನು ಮಾಡಿಯೇ ಇರುತ್ತಾನೆ. ಅದನ್ನು ಬಾಯಿಬಿಟ್ಟು ಹೇಳದ ಕಾರಣ, ಅದು ತಪ್ಪೆಂದು ಯಾರೂ ತೋರಿಸಿಕೊಡಲಾರರು, ವ್ಯತ್ಯಾಸ ಅಷ್ಟೇ. ರಾಜಕೀಯವೆಂಬುದು ಸಮಾಜಕ್ಕೆ ಕೊಡುವ ಚಿಕಿತ್ಸೆ, ಸಾಮಾಜಿಕ ಸಿದ್ಧಾಂತವೆಂಬುದು ನಿದಾನ. ಬಡವ ಯಾಕೆ ಬಡವನಾಗಿದ್ದಾನೆ, ಒಂದು ಬೀದಿಯ ಮಕ್ಕಳು ಯಾಕೆ ಇನ್ನೊಂದು ಬೀದಿಯ ಮಕ್ಕಳಿಗಿಂತ ಬೇಗ ಸಾಯುತ್ತವೆ ಎಂಬ ಪ್ರಶ್ನೆಗೆ ಮನಸ್ಸಿನಲ್ಲಿ ಉತ್ತರವಿಲ್ಲದೆ ಯಾರೂ ಮತ ಹಾಕುವುದಿಲ್ಲ. “ಎಲ್ಲರನ್ನೂ ಒಂದೇ ರೀತಿ ನೋಡಬೇಕು” ಎಂಬುದೂ ಒಂದು ಸಿದ್ಧಾಂತವೇ. ಎಲ್ಲರೂ ಒಂದೇ ಗೆರೆಯಲ್ಲಿ ನಿಂತು ಓಟವನ್ನು ಆರಂಭಿಸಿದ್ದಾರೆ ಎಂಬುದು ಅದರ ನಿದಾನ. ಆ ನಿದಾನ ಸರಿಯಿರಬಹುದು, ತಪ್ಪಿರಬಹುದು. ಆದರೆ ಅದು ನಿದಾನವೇ ಅಲ್ಲವೆಂದು ಹೇಳುವುದು ಮಾತ್ರ ಪ್ರಾಮಾಣಿಕತೆಯಲ್ಲ.

1848ರಲ್ಲಿ ಪ್ರಷ್ಯದ ಸರ್ಕಾರ ಮೇಲಣ ಸೈಲೀಸಿಯದಲ್ಲಿ ಹಬ್ಬಿದ್ದ ಟೈಫಸ್ ಜ್ವರದ ಪರಿಶೀಲನೆಗೆ ರುಡಾಲ್ಫ್ ವಿರ್ಕೋ ಎಂಬ ತರುಣ ವೈದ್ಯನನ್ನು ಕಳಿಸಿತು. ನಾವು ಎಂ.ಬಿ.ಬಿ.ಎಸ್. ಓದುವಾಗ ರೋಗಶಾಸ್ತ್ರದ ಪಿತಾಮಹನೆಂದು ಹೆಸರು ಉರು ಹೊಡೆದದ್ದು ಇದೇ ವಿರ್ಕೋವಿನದು. ಸರ್ಕಾರ ಬಯಸಿದ್ದು ಔಷಧದ ಪಟ್ಟಿಯನ್ನು. ಆತ ಹಿಂತಿರುಗಿ ಕೊಟ್ಟದ್ದು ಶಿಕ್ಷಣ, ಸ್ವಯಮಾಡಳಿತ, ತೆರಿಗೆಯ ಸುಧಾರಣೆ ಮತ್ತು ಅಲ್ಲಿನ ಜನರಾಡುತ್ತಿದ್ದ ಪೋಲಿಷ್ ಭಾಷೆಗೆ ಆಡಳಿತದಲ್ಲಿ ಸ್ಥಾನ, ಇವುಗಳ ಪಟ್ಟಿಯನ್ನು. ಹಸಿವೂ ಅಜ್ಞಾನವೂ ತಮ್ಮದಲ್ಲದ ಭಾಷೆಯ ಆಡಳಿತವೂ ಸೇರಿ ಜ್ವರವನ್ನು ಬೆಳೆಸಿವೆಯೆಂಬುದು ಆತನ ನಿದಾನವಾಗಿತ್ತು. ಮರುವರ್ಷವೇ ಬರ್ಲಿನ್ನಿನ ಹುದ್ದೆಯನ್ನು ಕಳೆದುಕೊಂಡ. ರೋಗಶಾಸ್ತ್ರದ ಪಿತಾಮಹನಿಗೆ ಬೇಕಾಗಿದ್ದ ರಾಜಕೀಯ ನಮಗೆ ಮಾತ್ರ ಬೇಡವೇ?

“ಇದೆಲ್ಲ ಪಾಶ್ಚಾತ್ಯರ ಕಥೆ” ಎನ್ನುವವರಿಗೆ ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ, ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸರ್ಕಾರಿ ನೌಕರಿಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿರುವುದೇಕೆ ಎಂಬುದು ಅದರ ಮುಂದಿದ್ದ ಪ್ರಶ್ನೆ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ದೊರೆಯುವಂತಾಗಬೇಕೆಂದು ಅದು ಶಿಫಾರಸು ಮಾಡಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಈ ಹಾದಿಯನ್ನು ಒಪ್ಪಲಿಲ್ಲ. ಅದೇ ಅವಧಿಯಲ್ಲಿ ದಿವಾನಗಿರಿಯನ್ನು ತೊರೆದರು. ಈ ಭಿನ್ನಾಭಿಪ್ರಾಯವೇ ಅದಕ್ಕೆ ಮುಖ್ಯ ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ನಾವು ನಮ್ಮ ಸಭಾಂಗಣದಲ್ಲಿ ಇಬ್ಬರ ಭಾವಚಿತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಹಾರದ ಹೂವನ್ನು ಹಂಚುತ್ತೇವೆ. ಆದರೆ ಅವರಿಬ್ಬರ ನಡುವೆ ನಡೆದದ್ದು ಸಮಾಜದ ಬಗೆಗಿನ ಎರಡು ಸಿದ್ಧಾಂತಗಳ ಘರ್ಷಣೆ. ಯೋಗ್ಯತೆಯುಳ್ಳವರನ್ನು ಆರಿಸಿ, ಶಿಕ್ಷಣವನ್ನು ಹರಡಿ, ಉಳಿದವರು ತಾವಾಗಿಯೇ ಮೇಲೆ ಬರುವರೆಂಬುದು ಒಂದು. ಯೋಗ್ಯತೆಯನ್ನು ಅಳೆಯುವ ಕೋಲೇ ಕೆಲವರ ಮನೆಯಲ್ಲಿದೆ, ಮೊದಲು ಬಾಗಿಲು ತೆರೆಯದಿದ್ದರೆ ಯಾರೂ ಮೇಲೆ ಬರಲಾರರೆಂಬುದು ಇನ್ನೊಂದು. ಇಬ್ಬರೂ ದೊಡ್ಡವರು, ಇಬ್ಬರೂ ಮೈಸೂರನ್ನು ಪ್ರೀತಿಸಿದವರು. ಇವರಲ್ಲಿ ಯಾರು “ನಮಗೇಕೆ ರಾಜಕೀಯ” ಎಂದಿದ್ದರು?

ಆ ಜಗಳ ವೈದ್ಯಕೀಯ ಕಾಲೇಜಿನ ಹೊಸ್ತಿಲಿಗೂ ಬಂತು. 1962ರ ಜುಲೈನಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ನೂರಕ್ಕೆ 68 ಸೀಟುಗಳನ್ನು ಮೀಸಲಿಟ್ಟಿತು. ಅದೇ ವರ್ಷ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿ, ಮೀಸಲು ಸಾಮಾನ್ಯವಾಗಿ ಅರ್ಧವನ್ನು ಮೀರಬಾರದು, ಹಿಂದುಳಿದಿರುವಿಕೆಯನ್ನು ಜಾತಿಯೊಂದರಿಂದಲೇ ನಿರ್ಣಯಿಸಬಾರದು ಎಂದಿತು. ಇಡೀ ಭಾರತ ಇಂದಿಗೂ ವಾದಿಸುತ್ತಿರುವ ಆ ಗೆರೆ ಎಳೆಯಲ್ಪಟ್ಟದ್ದು ನಮ್ಮ ಮೈಸೂರಿನ ಮೊಕದ್ದಮೆಯಲ್ಲಿ. ಹತ್ತು ವರ್ಷಗಳ ಬಳಿಕ ದೇವರಾಜ ಅರಸರು ಎಲ್.ಜಿ. ಹಾವನೂರರ ಆಯೋಗವನ್ನು ನೇಮಿಸಿದರು. 1975ರಲ್ಲಿ ವರದಿ ಬಂತು. ಆ ನಡುವೆ, 1974ರಲ್ಲಿ, ಉಳುವವನಿಗೇ ಹೊಲವೆಂಬ ಭೂಸುಧಾರಣಾ ಕಾಯಿದೆಯೂ ಜಾರಿಗೆ ಬಂತು. ಕೋರ್ಟು ಕೇಳಿದ್ದು ನಿದಾನದ ಆಧಾರವನ್ನು. ಹಾವನೂರರು ಊರೂರು ಸುತ್ತಿಸಿ ಅದನ್ನು ಕಲೆಹಾಕಿದರು. ರಾಜಕೀಯ ಸಿದ್ಧಾಂತಕ್ಕೆ ಉತ್ತರ ಹೇಳಬೇಕಾದ, ಸಿದ್ಧಾಂತ ಅಂಕಿ ಅಂಶಗಳಿಗೆ ಉತ್ತರ ಹೇಳಬೇಕಾದ ಕಾಲವೊಂದು ನಮ್ಮ ನಾಡಿನಲ್ಲಿ ಇತ್ತು.

ಇನ್ನೊಂದು ಮಾತು. ಊಟದ ಪಂಕ್ತಿಯಲ್ಲಿ ನಮ್ಮವರು ಬಹಳ ಬಳಸುವ ಬೈಗುಳ ‘ವೋಟ್ ಬ್ಯಾಂಕ್’. ಸಮಾಜಶಾಸ್ತ್ರ ಕೆಲಸಕ್ಕೆ ಬಾರದ್ದೆಂದು ಹೇಳುವವರೇ ಈ ಪದವನ್ನು ನಾಣ್ಯದಂತೆ ಚಲಾಯಿಸುತ್ತಾರೆ. ಆ ನಾಣ್ಯವನ್ನು 1950ರ ದಶಕದಲ್ಲಿ ಟಂಕಿಸಿದವರು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಕುಳಿತು, ಜಮೀನುಳ್ಳ ಯಜಮಾನ ತನ್ನ ಒಕ್ಕಲುಗಳ ಮತಗಳನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತಾನೆ ಎಂಬುದನ್ನು ಕಂಡು ಅವರು ಹೇಳಿದ ಮಾತದು. ಅವರು ಬೆರಳು ತೋರಿದ್ದು ಬಲವುಳ್ಳವರ ಕಡೆಗೆ. ನಾವು ಅದನ್ನು ಬಲವಿಲ್ಲದವರ ಕಡೆಗೆ ಎಸೆಯುತ್ತೇವೆ. ಸಿದ್ಧಾಂತವನ್ನು ಓದದವನು ಸಿದ್ಧಾಂತದಿಂದ ಮುಕ್ತನಾಗುವುದಿಲ್ಲ. ಯಾರೋ ತಿರುಚಿದ ಸಿದ್ಧಾಂತವನ್ನು ತನ್ನದೇ ಅಭಿಪ್ರಾಯವೆಂದು ತಿಳಿದು ಬದುಕುತ್ತಾನೆ.

ಈಗ ನಮ್ಮ ಮಕ್ಕಳು ಹುಟ್ಟಿ ಬೆಳೆಯುತ್ತಿರುವ ಈ ದೇಶಕ್ಕೆ ಬರೋಣ. ತಪ್ಪು ಸಿದ್ಧಾಂತದಿಂದ ಹುಟ್ಟಿದ ರಾಜಕೀಯಕ್ಕೆ ಇಲ್ಲಿ ನಿದರ್ಶನವಿದೆ. 1960ರಲ್ಲಿ ಜೆ.ಕೆ. ಹನ್ ಎಂಬ ಅಧಿಕಾರಿ ಮಾವೋರಿಗಳ ಸ್ಥಿತಿಗತಿಗಳ ಬಗ್ಗೆ ಸಿದ್ಧಪಡಿಸಿದ ವರದಿ ಅವರನ್ನು ಮೂರು ಗುಂಪುಗಳಾಗಿ ವಿಂಗಡಿಸಿತು: ಕುಲದಿಂದ ಪೂರ್ತಿ ಕಳಚಿಕೊಂಡವರು, ಎರಡೂ ಲೋಕಗಳಲ್ಲಿ ಸಲೀಸಾಗಿ ಬಾಳುವವರು, ಹಳೆಯ ಸ್ಥಿತಿಯಲ್ಲೇ ಹಿಂದುಳಿದವರು. ಮೂರನೆಯ ಗುಂಪನ್ನು ಇಲ್ಲವಾಗಿಸಿ ಎರಡನೆಯದಕ್ಕೆ ಸೇರಿಸುವುದು ಗುರಿ. ಇದರ ಬೆನ್ನಿಗೇ ಪಟ್ಟಣಗಳಲ್ಲಿ ಮಾವೋರಿ ಕುಟುಂಬಗಳನ್ನು ಒಟ್ಟಿಗಿರಗೊಡದೆ, ಕಾಳುಮೆಣಸಿನ ಪುಡಿ ಉದುರಿಸಿದಂತೆ ಪಾಕೆಹಾ ಮನೆಗಳ ನಡುವೆ ಒಂದೊಂದಾಗಿ ಚೆದರಿಸಿ ಮನೆ ಕೊಡುವ ನೀತಿ ನಡೆಯಿತು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಅಜ್ಜಿಯಿಂದ ಮೊಮ್ಮಗುವನ್ನು, ಭಾಷೆಯಿಂದ ಬಾಯಿಯನ್ನು ದೂರಮಾಡಿದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಾರು? ನಾವು ಶನಿವಾರ ಭಾನುವಾರಗಳಂದು ಕನ್ನಡ ಶಾಲೆಗೆ ಮಕ್ಕಳನ್ನು ಎಳೆದುಕೊಂಡು ಹೋಗುವುದು ಆ ಚೆದರುವಿಕೆಗೆ ಅಂಜಿಯೇ ಅಲ್ಲವೇ? ನಾವು ಸ್ವಂತ ಇಚ್ಛೆಯಿಂದ ಚೆದರಿ ಬಂದವರು. ಅವರನ್ನು ಅವರ ನೆಲದಲ್ಲೇ ಚೆದರಿಸಲಾಯಿತು.

ಒಳ್ಳೆಯ ನಿದಾನದಿಂದ ಹುಟ್ಟಿದ ರಾಜಕೀಯಕ್ಕೂ ನಿದರ್ಶನವಿದೆ, ಅದರ ಫಲವನ್ನು ನಾವು ದಿನವೂ ಉಣ್ಣುತ್ತಿದ್ದೇವೆ. 1987ರಲ್ಲಿ ಸಾಂಡ್ರ ಕೋನಿ ಮತ್ತು ಫಿಲಿಡ ಬಂಕಲ್ ಎಂಬ ಇಬ್ಬರು ಸ್ತ್ರೀವಾದಿ ಲೇಖಕಿಯರು, ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರಿನ ಪೂರ್ವಲಕ್ಷಣಗಳಿದ್ದ ಹೆಂಗಸರಿಗೆ ಸರಿಯಾದ ಚಿಕಿತ್ಸೆಯನ್ನು ಕೊಡದೆ, ಅವರಿಗೆ ತಿಳಿಸದೆ, ಅಧ್ಯಯನ ನಡೆಸಲಾಗಿದೆಯೆಂದು ಬರೆದರು. ಸಿಲ್ವಿಯ ಕಾರ್ಟ್‌ರೈಟ್ ಅವರ ವಿಚಾರಣೆ ನಡೆದು 1988ರಲ್ಲಿ ವರದಿ ಬಂತು. 1996ರಲ್ಲಿ ರೋಗಿಗಳ ಹಕ್ಕುಗಳ ಸಂಹಿತೆ ಜಾರಿಯಾಯಿತು. ಅದೇ ಕಾಲದಲ್ಲಿ ಇರಿಹಪೇಟಿ ರಾಮ್ಸ್‌ಡೆನ್ ಎಂಬ ಮಾವೋರಿ ದಾದಿ ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ವಿಚಾರವನ್ನು ಕಟ್ಟಿದರು. ಆರೈಕೆ ಸುರಕ್ಷಿತವಾಗಿತ್ತೇ ಇಲ್ಲವೇ ಎಂಬುದನ್ನು ಹೇಳಬೇಕಾದವರು ಅದನ್ನು ಪಡೆದವರು, ಕೊಟ್ಟವರಲ್ಲ ಎಂಬುದು ಅದರ ತಿರುಳು. 1992ರಲ್ಲಿ ದಾದಿಯರ ಪರಿಷತ್ತು ಅದನ್ನು ಪಠ್ಯಕ್ರಮಕ್ಕೆ ಸೇರಿಸಿದಾಗ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ‘ದಾದಿಯರಿಗೆ ರಾಜಕೀಯವೇಕೆ’ ಎಂಬುದೇ ಅಂದಿನ ಕೂಗು. 2019ರ ಹೊತ್ತಿಗೆ ವೈದ್ಯರ ಪರಿಷತ್ತೂ ಅದನ್ನೇ ತನ್ನ ನಿಲುವಾಗಿ ಸ್ವೀಕರಿಸಿತು.

ಊರಿನಿಂದ ಬಂದ ನಿಮ್ಮ ತಾಯಿಯನ್ನು ಇಲ್ಲಿನ ಆಸ್ಪತ್ರೆಗೆ ಸೇರಿಸಿದಾಗ, ಕನ್ನಡದಲ್ಲಿ ವಿವರಿಸುವವರನ್ನು ಕರೆಸಿ ಎಂದು ಕೇಳುವ ಧೈರ್ಯ ನಿಮಗೆ ಎಲ್ಲಿಂದ ಬಂತು? ಸ್ಕ್ಯಾನಿಗೆ ಮುನ್ನ ತಾಳಿ ತೆಗೆಯಲು ಆಕೆ ಅತ್ತಾಗ, ದಾದಿ ಗದರದೆ ಪಕ್ಕದಲ್ಲಿ ಕುಳಿತು ಮಾತಾಡಿಸಿದಳಲ್ಲ, ಅದು ಆಕೆಯ ಒಳ್ಳೆಯತನವೊಂದೇ ಅಲ್ಲ, ಆಕೆ ಓದಿದ ಪಾಠವೂ ಹೌದು. ಆ ಪಾಠಕ್ಕಾಗಿ ಬೈಗುಳ ತಿಂದವಳು ಒಬ್ಬ ಮಾವೋರಿ ದಾದಿ, ಆ ಹಕ್ಕಿಗಾಗಿ ನೊಂದವರು ತಮ್ಮ ದೇಹವನ್ನೇ ತೆತ್ತ ಹೆಂಗಸರು. ಫಲವುಣ್ಣುವಾಗ ನಾವು ಮುಂದಿನ ಪಂಕ್ತಿ. ಗಿಡ ನೆಟ್ಟವರ ಪರವಾಗಿ ಒಂದು ಮಾತಾಡಬೇಕಾದಾಗ ಮಾತ್ರ “ನಮಗೇಕೆ”!

ಈಚಿನ ವರ್ಷಗಳಲ್ಲಿ ನಡೆದದ್ದನ್ನು ಎಲ್ಲರೂ ನೋಡಿದ್ದೇವೆ. 2022ರ ಜುಲೈನಲ್ಲಿ ಆರಂಭವಾದ ಮಾವೋರಿ ಆರೋಗ್ಯ ಪ್ರಾಧಿಕಾರವು ಎರಡು ವರ್ಷ ತುಂಬುವಷ್ಟರಲ್ಲಿ, 2024ರ ಜೂನಿಗೆ, ರದ್ದಾಯಿತು. 2024ರ ಸೆಪ್ಟೆಂಬರಿನಲ್ಲಿ, ಸರ್ಕಾರಿ ಸೇವೆಗಳನ್ನು ಜನಾಂಗ ನೋಡಿ ಅಲ್ಲ, ಅಗತ್ಯ ನೋಡಿ ಕೊಡಬೇಕೆಂಬ ಸುತ್ತೋಲೆ ಹೊರಟಿತು. ವೈತಾಂಗಿ ಒಪ್ಪಂದದ ತತ್ತ್ವಗಳನ್ನು ಹೊಸದಾಗಿ ಬರೆಯಹೊರಟ ಮಸೂದೆಯ ವಿರುದ್ಧ ನವೆಂಬರಿನಲ್ಲಿ ಹತ್ತಾರು ಸಾವಿರ ಜನ ವೆಲಿಂಗ್ಟನ್ನಿಗೆ ನಡೆದು ಬಂದರು. 2025ರ ಏಪ್ರಿಲ್ 10ರಂದು ಅದು 112ಕ್ಕೆ 11 ಮತಗಳಿಂದ ಬಿದ್ದುಹೋಯಿತು. ಇಷ್ಟೆಲ್ಲ ನಡೆಯುತ್ತಿದ್ದಾಗ ನಮ್ಮ ವಾರ್ತಾಪತ್ರದಲ್ಲಿ ಏನಿತ್ತೆಂದು ಹಿಂದಿನ ಸಂಚಿಕೆಗಳನ್ನು ತೆರೆದು ನೋಡಿದೆ. ಅಂತ್ಯಾಕ್ಷರಿಯ ಫಲಿತಾಂಶವಿತ್ತು.

ವಿರೋಧಿಗಳ ವಾದವನ್ನು ಅದರ ಬಲವಾದ ರೂಪದಲ್ಲೇ ಎತ್ತಿಕೊಳ್ಳುತ್ತೇನೆ. “ಅಗತ್ಯವನ್ನು ನೋಡಿ, ಜನಾಂಗವನ್ನಲ್ಲ. ಬಡ ಪಾಕೆಹಾನೂ ಇದ್ದಾನೆ, ಸಿರಿವಂತ ಮಾವೋರಿಯೂ ಇದ್ದಾನೆ.” ನಿಜ, ಇಬ್ಬರೂ ಇದ್ದಾರೆ. ಆದರೆ ವೈದ್ಯನಿಗೆ ಅಗತ್ಯವೆಂಬುದು ಹಣೆಯ ಮೇಲೆ ಬರೆದು ಕಾಣುವ ವಸ್ತುವಲ್ಲ. ಅದನ್ನು ಲಕ್ಷಣಗಳಿಂದ ಊಹಿಸಬೇಕು. ವಯಸ್ಸು ಒಂದು ಲಕ್ಷಣ, ಬಡತನ ಒಂದು ಲಕ್ಷಣ, ಹೊಗೆ ಸೇದುವುದು ಒಂದು ಲಕ್ಷಣ. ಮಾವೋರಿಗಳ ಆಯುರ್ಮಾನ ಉಳಿದವರಿಗಿಂತ ಸುಮಾರು ಏಳು ವರ್ಷ ಕಡಿಮೆ. ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಪೂರ್ತಿಯಾಗಿ ಅಳಿಯುವುದಿಲ್ಲ. ಹಾಗಿರುವಾಗ ಜನಾಂಗವನ್ನು ನೋಡದೆ ಅಗತ್ಯವನ್ನು ಅಳೆಯುತ್ತೇನೆಂಬುದು, ವಯಸ್ಸನ್ನು ಕೇಳದೆ ಎದೆನೋವಿಗೆ ಔಷಧ ಬರೆಯುತ್ತೇನೆಂದಂತೆ.

ಕರುಳಿನ ಕ್ಯಾನ್ಸರಿನ ತಪಾಸಣೆಯನ್ನೇ ನೋಡಿ. ಅದು 60ರ ವಯಸ್ಸಿನಿಂದ ಆರಂಭವಾಗುತ್ತಿತ್ತು. ಮಾವೋರಿಗಳಲ್ಲಿ ಈ ಕ್ಯಾನ್ಸರಿನ ಅರ್ಧಕ್ಕೂ ಹೆಚ್ಚು ಪ್ರಕರಣಗಳು 60 ತುಂಬುವ ಮೊದಲೇ ಕಾಣಿಸಿಕೊಳ್ಳುತ್ತವೆ. ಇತರರಲ್ಲಿ ಆ ಪಾಲು ಬಹಳ ಕಡಿಮೆ. ಆದ್ದರಿಂದ ಅವರಿಗೂ ಪೆಸಿಫಿಕ್ ಜನರಿಗೂ 50ರಿಂದಲೇ ಆರಂಭಿಸುವ ಯೋಜನೆಯಿತ್ತು. 2025ರಲ್ಲಿ ಸರ್ಕಾರ ಅದನ್ನು ಬದಿಗಿಟ್ಟು ಎಲ್ಲರಿಗೂ 58 ಎಂದಿತು. ಒಟ್ಟಾರೆ ಹೆಚ್ಚು ಜೀವಗಳು ಉಳಿಯುತ್ತವೆಂಬುದು ಅದರ ಸಮರ್ಥನೆ. ಅದು ತಳ್ಳಿಹಾಕುವ ವಾದವಲ್ಲ. ಹಣ ಮಿತವಾಗಿರುವಾಗ ಒಟ್ಟು ಜೀವಗಳನ್ನು ಎಣಿಸಬೇಕೇ, ಅಥವಾ ಈಗಾಗಲೇ ಬೇಗ ಸಾಯುತ್ತಿರುವವರನ್ನು ಮೊದಲು ಕಾಯಬೇಕೇ? ಇದು ಪ್ರಾಮಾಣಿಕರು ಎರಡೂ ಕಡೆ ನಿಲ್ಲಬಹುದಾದ ಪ್ರಶ್ನೆ. ಆದರೆ ಇದು ನ್ಯಾಯದ ಸಿದ್ಧಾಂತದ ಪ್ರಶ್ನೆಯೇ ಹೊರತು ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲ. ಎರಡು ನ್ಯಾಯಗಳ ನಡುವೆ ಆಯ್ಕೆ ಮಾಡಿದವರು, ತಾವು ಆಯ್ಕೆಯನ್ನೇ ಮಾಡಲಿಲ್ಲ, ಬರಿಯ ಸಮಾನತೆಯನ್ನು ಪಾಲಿಸಿದೆವೆಂದು ಹೇಳಿದಾಗ ನನ್ನ ಆಕ್ಷೇಪ ಏಳುತ್ತದೆ. ಇನ್ನು ನಮ್ಮ ಯುವಕರಿಗೆ ಒಂದೇ ಪ್ರಶ್ನೆ: ಆಸ್ಪತ್ರೆಯಲ್ಲಿ ಜನಾಂಗವನ್ನು ನೋಡಲೇಬಾರದೆಂದರೆ, ನಿಮ್ಮ ಜೇಬಿನಲ್ಲಿರುವ ಹೃದಯ ತಪಾಸಣೆಯ ಪತ್ರವನ್ನು ಹಿಂತಿರುಗಿಸಿ ಇನ್ನೂ ಹದಿಮೂರು ವರ್ಷ ಕಾಯುವಿರಾ? ಕಾಯಬೇಡಿ ಎಂಬುದು ವೈದ್ಯನಾಗಿ ನನ್ನ ಸಲಹೆ.

ಸಿದ್ಧಾಂತದವರ ಪರವಾಗಿ ಇಷ್ಟು ಹೇಳಿದ ಮೇಲೆ ಅವರ ಮೇಲಿನ ದೂರನ್ನೂ ಹೇಳಬೇಕು. ಅವರು ಜನರ ಭಾಷೆಯಲ್ಲಿ ಮಾತಾಡುವುದಿಲ್ಲ. ತಮ್ಮ ನಿದಾನವನ್ನು ಪ್ರಶ್ನಿಸಿದವರನ್ನು ದುಷ್ಟರೆಂದು ಕರೆದು ಬಾಗಿಲು ಹಾಕಿಕೊಳ್ಳುತ್ತಾರೆ. 2000ದಲ್ಲಿ ಅಂದಿನ ಲೇಬರ್ ಸರ್ಕಾರ ‘ಅಂತರಗಳನ್ನು ಮುಚ್ಚುವ’ ಕಾರ್ಯನೀತಿಯನ್ನು ಘೋಷಿಸಿತು. ಟೀಕೆಯೆದ್ದೊಡನೆ ವಾದಿಸಿ ಗೆಲ್ಲುವ ಬದಲು ಆ ಹೆಸರನ್ನೇ ಮೆಲ್ಲನೆ ಕೈಬಿಟ್ಟಿತು. ಖಾಲಿಬಿದ್ದ ಆ ಜಾಗಕ್ಕೆ 2004ರ ಜನವರಿಯಲ್ಲಿ ಡಾನ್ ಬ್ರಾಶ್ ಒರೆವಾದ ಭಾಷಣದೊಡನೆ ಬಂದರು; ಅವರ ಪಕ್ಷ ಜನಮತ ಸಮೀಕ್ಷೆಗಳಲ್ಲಿ ಒಮ್ಮೆಲೇ ಮೇಲೇರಿತು. ನಮ್ಮ ನಾಡಿನಲ್ಲಿಯೂ ಹಾವನೂರರ ನಿದಾನ ಕ್ರಮೇಣ ಜಾತಿಗಳ ಕೂಡು ಕಳೆಯುವಿಕೆಯ ಗಣಿತವಾಗಿ ಇಳಿದುಹೋಯಿತು. 2015ರಲ್ಲಿ ನಡೆಸಿದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರಲ್ಲಿ. ಮರುವರ್ಷ ಮತ್ತೆ ಹೊಸ ಸಮೀಕ್ಷೆ. ಹತ್ತು ವರ್ಷ ರಕ್ತಪರೀಕ್ಷೆಯ ಚೀಟಿಯನ್ನು ಬಿಚ್ಚದೆ ಇಟ್ಟುಕೊಂಡ ವೈದ್ಯನನ್ನು ನಾವು ಕ್ಷಮಿಸುತ್ತೇವೆಯೇ? ಸಿದ್ಧಾಂತ ಪಕ್ಷದ ಆಳಾದರೆ ನಿದಾನ ಮಾಡುವುದನ್ನು ನಿಲ್ಲಿಸುತ್ತದೆ. ರೋಗಿ ಗುಣವಾಗದಿದ್ದರೂ ಹಳೆಯ ಔಷಧವನ್ನೇ ಬರೆಯುತ್ತ ಹೋಗುತ್ತದೆ. ಕೆಟ್ಟ ನಿದಾನಕ್ಕೆ ಉತ್ತರ ಒಳ್ಳೆಯ ನಿದಾನ, ನಿದಾನವೇ ಬೇಡವೆನ್ನುವುದಲ್ಲ.

ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹದಿನೆಂಟರ ವಯಸ್ಸಿನಲ್ಲಿ, ಹಾಸ್ಟೆಲಿನ ಮಹಡಿಯ ಮೇಲೆ ಕುಳಿತು, ಮೀಸಲಾತಿಯಿಂದ ವೈದ್ಯವೃತ್ತಿ ಹಾಳಾಗುತ್ತದೆಂದು ಗಂಟೆಗಟ್ಟಲೆ ಭಾಷಣ ಬಿಗಿದವನು ನಾನು. ನನ್ನ ಕೋಣೆಯ ಗೆಳೆಯ ಹೈದರಾಬಾದ್ ಕರ್ನಾಟಕದ ಹಳ್ಳಿಯೊಂದರಿಂದ, ಒಬ್ಬರೇ ಮೇಷ್ಟ್ರಿದ್ದ ಶಾಲೆಯಿಂದ ಬಂದಿದ್ದ. ಅಂಗರಚನಾಶಾಸ್ತ್ರದ ಇಂಗ್ಲಿಷ್ ಪುಸ್ತಕವನ್ನು ಪದಕೋಶ ಹಿಡಿದು ಓದುತ್ತಿದ್ದ. ಒಂದು ರಾತ್ರಿ ನನ್ನ ಭಾಷಣವನ್ನು ಪೂರ್ತಿ ಕೇಳಿ, “ನಿಮ್ಮ ಅಪ್ಪಾಜಿ ಏನು ಮಾಡ್ತಾರ?” ಎಂದು ಮೆಲ್ಲನೆ ಕೇಳಿದ. ಇಂಜಿನಿಯರ್ ಎಂದೆ. “ಅವರ ಅಪ್ಪಾಜಿ?” ಹೆಡ್ ಮಾಸ್ಟರ್ ಎಂದೆ. ಅವನು ಮತ್ತೇನೂ ಹೇಳದೆ ದೀಪ ಆರಿಸಿ ಮಲಗಿದ. ಇಂದು ಅವನು ತನ್ನ ತಾಲ್ಲೂಕಿನಲ್ಲೇ ಸರ್ಕಾರಿ ವೈದ್ಯ. ತೆರಿಗೆದಾರರ ಹಣದಿಂದ ಅಗ್ಗದ ಶುಲ್ಕದಲ್ಲಿ ಓದಿದ ‘ಪ್ರತಿಭಾವಂತ’ನಾದ ನಾನು ಇಲ್ಲಿ, ಹನ್ನೊಂದು ಸಾವಿರ ಕಿಲೋಮೀಟರ್ ದೂರದಲ್ಲಿ, ಕುಳಿತಿದ್ದೇನೆ. ಯಾರಿಂದ ವೈದ್ಯವೃತ್ತಿಗೆ ಹಾನಿಯಾಯಿತು?

ಪ್ರತಿಭೆಯೆಂಬ ಮಾತಿನಿಂದಲೇ ನಾವು ಈ ದೇಶವನ್ನೂ ಪ್ರವೇಶಿಸಿದ್ದು. ಆದರೆ ನಮಗಾಗಿ ಬಾಗಿಲು ತೆರೆದದ್ದು ನಮ್ಮ ಪ್ರತಿಭೆಯಲ್ಲ, ಇಲ್ಲಿನ ರಾಜಕೀಯ. 1920ರ ಕಾಯಿದೆ ನಮ್ಮಂಥವರ ಪ್ರವೇಶವನ್ನು ಮಂತ್ರಿಯ ಅನುಮತಿಗೆ ಬಿಟ್ಟು ಬಾಗಿಲನ್ನು ಹೆಚ್ಚು ಕಡಿಮೆ ಮುಚ್ಚಿತು. ಇಂದು ನಮ್ಮ ಹುಳಿಗೆ ಬೀಳುವ ಈರುಳ್ಳಿ, ಆಲೂಗಡ್ಡೆ ಬೆಳೆಯುವ ಪುಕೆಕೊಹೆಯಲ್ಲಿ 1926ರ ಹೊತ್ತಿಗೆ ಭಾರತೀಯ ಮತ್ತು ಚೀನೀ ತೋಟಗಾರರ ವಿರುದ್ಧ ‘ಶ್ವೇತ ನ್ಯೂಜಿಲೆಂಡ್ ಲೀಗ್’ ಹುಟ್ಟಿತು. 1959ರಲ್ಲಿ ಪಾಪಕುರಾದ ಹೋಟೆಲೊಂದರಲ್ಲಿ ಡಾ. ಹೆನ್ರಿ ಬೆನೆಟ್ ಎಂಬ ಹಿರಿಯ ವೈದ್ಯರಿಗೆ, ಮಾವೋರಿಯೆಂಬ ಒಂದೇ ಕಾರಣಕ್ಕೆ, ಲೌಂಜಿನಲ್ಲಿ ಪಾನೀಯ ಕೊಡಲು ನಿರಾಕರಿಸಲಾಯಿತು. ವೈದ್ಯಪದವಿ ಅವರ ಚರ್ಮವನ್ನು ಕಾಯಲಿಲ್ಲ. ಯಾವ ದೇಶದವರೆಂದು ನೋಡಿ ವಲಸಿಗರನ್ನು ಆರಿಸುವ ಹಳೆಯ ಪದ್ಧತಿ ಹೋದದ್ದು 1980ರ ದಶಕದ ನೀತಿ ಬದಲಾವಣೆಯಿಂದ, 1987ರ ಕಾಯಿದೆಯಿಂದ. ಅಂಕಗಳ ಪದ್ಧತಿ ಬಂದದ್ದು 1991ರಲ್ಲಿ. 1925ರ ನಮ್ಮ ದಡ್ಡರಿಗೂ 1995ರ ನಮ್ಮ ಜಾಣರಿಗೂ ನಡುವೆ ಬದಲಾದದ್ದು ಮಿದುಳಲ್ಲ, ಕಾನೂನು. ಒಂದು ಸಿದ್ಧಾಂತ ತೆರೆದ ಬಾಗಿಲನ್ನು ಇನ್ನೊಂದು ಸಿದ್ಧಾಂತ ಮುಚ್ಚಬಲ್ಲದು. ಆ ದಿನ ಬಂದರೆ ನಮ್ಮ ಪರವಾಗಿ ಮಾತಾಡಿ ಎಂದು ಯಾರನ್ನು ಕೇಳೋಣ? ಹಬ್ಬದ ದಿನ ರಾಜಕೀಯ ಬೇಡವೆಂದು ಅವರೂ ಹೇಳಿದರೆ?

ನಮ್ಮ ಸಂಘ ರಾಜಕೀಯದಿಂದ ದೂರವಿದೆಯೆಂಬುದೂ ನಿಜವಲ್ಲ. ಪ್ರತಿ ದೀಪಾವಳಿಗೆ ಸಂಸದರನ್ನು ಕರೆಯುತ್ತೇವೆ, ಮೈಸೂರು ಪೇಟ ತೊಡಿಸುತ್ತೇವೆ, ಶಾಲು ಹೊದಿಸುತ್ತೇವೆ, ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುತ್ತೇವೆ. ಅದು ರಾಜಕೀಯವೇ, ಪ್ರಶ್ನೆಯನ್ನು ತೆಗೆದುಹಾಕಿದ ರಾಜಕೀಯ. ಒಂದು ವರ್ಷ ನೆಲೆಸಿದ ಖಾಯಂ ನಿವಾಸಿಗೆ, ಪೌರತ್ವವಿಲ್ಲದಿದ್ದರೂ, ಸಂಸತ್ತಿಗೆ ಮತ ಹಾಕುವ ಹಕ್ಕನ್ನು ಕೊಡುವ ದೇಶಗಳು ಭೂಮಿಯ ಮೇಲೆ ಬೆರಳೆಣಿಕೆಯಷ್ಟು. ಅಂಥ ಹಕ್ಕನ್ನು ಪಡೆದವರು ಶಾಲು ಹೊದಿಸಿ ಸುಮ್ಮನಾಗುವುದು ನಾಚಿಕೆಗೇಡು.

ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಮೂರು ಬೇಡಿಕೆಗಳಿವೆ. ಒಂದು, ವರ್ಷಕ್ಕೆರಡು ಸಂಜೆ ಕಾಫಿ, ಚಕ್ಕುಲಿಗಳೊಡನೆ ಈ ದೇಶದ ಒಂದು ಪ್ರಶ್ನೆಯ ಬಗ್ಗೆ ಕನ್ನಡದಲ್ಲಿ ಚರ್ಚೆಯಾಗಲಿ. ನನ್ನನ್ನು ವಿರೋಧಿಸುವವರೇ ಮೊದಲು ಮಾತಾಡಲಿ. ಎರಡು, ಪೇಟ ತೊಡಿಸುವ ಮೊದಲು ಪ್ರತಿಯೊಬ್ಬ ಸಂಸದರಿಗೂ ಎರಡು ಪ್ರಶ್ನೆಗಳನ್ನು ಕೇಳೋಣ: ಈ ಅಸಮಾನತೆಗೆ ನಿಮ್ಮ ನಿದಾನವೇನು? ಅದು ತಪ್ಪೆಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಯಾವ ಪಕ್ಷದವರಾದರೂ ಇದೇ ಪ್ರಶ್ನೆ. ಮೂರು, ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ನಾಲ್ವಡಿಯವರ ಜೊತೆಗೆ ಮಿಲ್ಲರ್ ಸಮಿತಿಯನ್ನೂ, ವೈತಾಂಗಿಯ ರಜೆಯ ಜೊತೆಗೆ ವೈತಾಂಗಿಯ ಒಪ್ಪಂದವನ್ನೂ ಹೇಳಿಕೊಡೋಣ.

ಮುಂದಿನ ಹಬ್ಬದಂದು ತಪಾಸಣೆಯ ಮೇಜಿನ ಬಳಿ ಎರಡು ಕುರ್ಚಿಗಳು ಹೆಚ್ಚಿಗೆ ಇರುತ್ತವೆ. ಒಂದರಲ್ಲಿ ಆ ಯುವಕರು, ಇನ್ನೊಂದರಲ್ಲಿ ನನ್ನ ಭುಜ ತಟ್ಟಿದ ಹಿರಿಯರು ಬಂದು ಕುಳಿತರೆ ಸಂತೋಷ. ರಕ್ತದೊತ್ತಡವನ್ನು ಮೊದಲು ಅಳೆದುಬಿಡುತ್ತೇನೆ, ಆಮೇಲೆ ಜಗಳವಾಡೋಣ.

ಸಿರಿಗನ್ನಡಂ ಗೆಲ್ಗೆ.

— ಸಂಘದ ಆರೋಗ್ಯ ಶಿಬಿರದ ಸ್ವಯಂಸೇವಕ ವೈದ್ಯ